12 ಇಂಚಿನ ಸಬ್‌ವೂಫರ್ ಬಾಕ್ಸ್‌ಗೆ ಯಾವ ಹಲಗೆ ತರೋದು? ಎಂಡಿಎಫ್, ಪ್ಲೈ, 18 ಮಿಮೀ, 25 ಮಿಮೀ

ಮಂದ್ರಸ್ವರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 12 ಇಂಚಿನ ಒಂದು ಡ್ರೈವರ್‌ಗೆ (ಬಾಕ್ಸ್‌ಗೆ ಕೂರಿಸೋ ಸ್ಪೀಕರ್) ಸೀಲ್ಡ್ ಬಾಕ್ಸ್, ಅಂದ್ರೆ ಗಾಳಿ ಆಡದ ಹಾಗೆ ಪೂರ್ತಿ ಮುಚ್ಚಿದ ಪೆಟ್ಟಿಗೆ, ಕಟ್ಟಬೇಕು. ಮನೆಯೊಳಗೆ ಇಡೋದಕ್ಕೆ, ಕಾರಿಗಲ್ಲ. ಡ್ರೈವರ್ ಜೊತೆ ಬಂದ ಹಾಳೆಯಲ್ಲಿರೋ ವಿವರ: ಬಾಕ್ಸ್ ಒಳಗಿನ ನಿವ್ವಳ ಗಾತ್ರ 35ರಿಂದ 38 ಲೀಟರ್, ಡ್ರೈವರ್ ತಾನೇ ತಿನ್ನುವ ಜಾಗ 2.5 ಲೀಟರ್, ಚೌಕಟ್ಟಿನ ಹೊರ ವ್ಯಾಸ 315 ಮಿಮೀ, ತೂತಿನ ವ್ಯಾಸ 282 ಮಿಮೀ, ಒಟ್ಟು ಆಳ 150 ಮಿಮೀ. ಕೋನ್ (ಹಿಂದೆ ಮುಂದೆ ಅಲುಗಿ ಸದ್ದು ಮಾಡೋ ಭಾಗ) ಒಂದು ಕಡೆಗೆ ಗರಿಷ್ಠ 12 ಮಿಮೀ ಓಡುತ್ತೆ.

ಹೊರಗಿನ ಅಳತೆ 400 × 400, ಆಳ 346 ಅಂತ ಇಟ್ಟುಕೊಂಡಿದ್ದೀನಿ. 18 ಮಿಮೀ ಹಲಗೆ ಹಿಡಿದರೆ ಒಳಗೆ 364 × 364 × 310, ಅಂದ್ರೆ 41 ಲೀಟರ್. ಡ್ರೈವರ್ ಮತ್ತು ಬ್ರೇಸ್ (ಗೋಡೆ ಬಾಗದ ಹಾಗೆ ಒಳಗೆ ಕೂರಿಸೋ ಆಧಾರದ ಹಲಗೆ) ಕಳೆದರೆ 37ರ ಹತ್ತಿರ ನಿಲ್ಲಬೇಕು.

ಗೊಂದಲ ಇರೋದು ಹಲಗೆ ವಿಷಯದಲ್ಲಿ. ಒಂದು ಕಡೆ ಎಂಡಿಎಫ್ (ಮರದ ನಾರಿಗೆ ಗೋಂದು ಸೇರಿಸಿ ಒತ್ತಿ ಮಾಡಿದ ಹಲಗೆ) ಬಿಟ್ಟು ಬೇರೆ ಮುಟ್ಟಲೇಬೇಡಿ ಅಂತಾರೆ, ಇನ್ನೊಂದು ಕಡೆ ಬರ್ಚ್ ಪ್ಲೈ ಮುಂದೆ ಎಂಡಿಎಫ್ ಏನೂ ಅಲ್ಲ ಅಂತಾರೆ. 18 ಸಾಕಾ, 25ಕ್ಕೆ ಹೋಗಬೇಕಾ? ಎಷ್ಟು ಹಾಳೆ ಬೇಕು? ಅಂಗಡಿಯಲ್ಲಿ ನಿಂತಾಗ ಒಳ್ಳೆ ಹಾಳೆ ಯಾವುದು, ಕೆಟ್ಟದ್ದು ಯಾವುದು ಅಂತ ಕಣ್ಣಲ್ಲೇ ಹೇಗೆ ಗುರುತಿಸೋದು? ಕತ್ತರಿಸೋದು ಅಲ್ಲೇ ಮಾಡಿಸೋ ಯೋಚನೆ ಇದೆ.


ಹಲಗೆಲೆಕ್ಕ (ಉತ್ತರ)

ಗಾತ್ರದ ಲೆಕ್ಕ ಸರಿಯಾಗಿದೆ. ಯಾವ ಹಲಗೆ ಅಂತ ಕೇಳೋ ಮೊದಲು ಅದರ ಮೇಲೆ ಬೀಳೋ ಹೊರೆ ಎಷ್ಟು ಅಂತ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತೆ.

12 ಇಂಚಿನ ಕೋನ್‌ನ ಕ್ಷೇತ್ರಫಲ ಸುಮಾರು 500 ಚದರ ಸೆಂಟಿಮೀಟರ್. ಅದು 12 ಮಿಮೀ ಒಳಗೆ ಹೋದರೆ 0.6 ಲೀಟರ್ ಗಾಳಿಯನ್ನು ಒತ್ತಿದ ಹಾಗಾಯ್ತು. ಬಾಕ್ಸ್‌ನಲ್ಲಿರೋದು 37 ಲೀಟರ್. ಗಾಳಿಯ 1.4ರ ಗುಣಕ ಸೇರಿಸಿ ಲೆಕ್ಕ ಹಾಕಿದರೆ ಒಳಗಿನ ಒತ್ತಡ ಸುಮಾರು 2300 ಪ್ಯಾಸ್ಕಲ್ ಏರುತ್ತೆ. ನಿಮ್ಮ ಹಿಂಬದಿ ಹಲಗೆಯ ಒಳಮೈ 364 × 364, ಹಾಗಾಗಿ ಅದರ ಮೇಲೆ ಬೀಳೋದು ಹೆಚ್ಚು ಕಡಿಮೆ 31 ಕೆಜಿ ಭಾರ. 35 ಹರ್ಟ್ಜ್ ನುಡಿಯುವಾಗ ಆ 31 ಕೆಜಿ ಸೆಕೆಂಡಿಗೆ 35 ಸಲ ಹಲಗೆಯನ್ನು ಹೊರಗೆ ತಳ್ಳುತ್ತೆ, 35 ಸಲ ಒಳಗೆ ಎಳೆಯುತ್ತೆ. ಹಲಗೆ ಬಾಗಿದಷ್ಟೂ ಅದೇ ಒಂದು ಸ್ಪೀಕರ್ ಆಗಿ ತನ್ನ ಸದ್ದು ಸೇರಿಸುತ್ತೆ.

ದೊಡ್ಡ ಸ್ಪೀಕರ್‌ಗಳ ಬಾಕ್ಸ್‌ನಲ್ಲಿ 200ರಿಂದ 500 ಹರ್ಟ್ಜ್ ನಡುವೆ ಹಲಗೆ ಕಂಪಿಸಿ ಮಾತು, ಹಾಡು ಮಂಕಾಗೋ ತೊಂದರೆ ಇರುತ್ತೆ. ಅಲ್ಲಿ ಕಂಪನ ನುಂಗುವ ಗುಣ ಬೇಕು, ಎಂಡಿಎಫ್‌ಗೆ ಹೆಸರು ಬಂದಿದ್ದೇ ಅದರಿಂದ. ಸಬ್ ಮಾತ್ರ 80 ಅಥವಾ 100 ಹರ್ಟ್ಜ್‌ಗೆ ನಿಂತುಬಿಡುತ್ತೆ. ಹಲಗೆಯ ಕಂಪನದ ಆವೃತ್ತಿಯನ್ನು ಅದಕ್ಕಿಂತ ತುಂಬಾ ಮೇಲಕ್ಕೆ ಕಳಿಸಿಬಿಟ್ಟರೆ ಅದನ್ನು ಎಬ್ಬಿಸೋ ಸದ್ದೇ ಬಾಕ್ಸ್ ಒಳಗೆ ಇರಲ್ಲ. ಹಾಗಾಗಿ ಇಲ್ಲಿ ಬೇಕಾಗಿರೋದು ಬಾಗದ ಹಲಗೆ.

ಬಾಗದಿರೋದು ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ. 18ರಿಂದ 25ಕ್ಕೆ ಹೋದರೆ 2.7 ಪಟ್ಟು ಬಿಗಿ. ಚೆನ್ನಾಗಿ ಕಾಣುತ್ತೆ, ಆದರೆ ತೂಕ ಶೇಕಡಾ 40 ಹೆಚ್ಚುತ್ತೆ, ಹೊರ ಅಳತೆ ಅದೇ ಇಟ್ಟರೆ ಒಳಗೆ ಸುಮಾರು 4.8 ಲೀಟರ್ ಜಾಗ ಹೋಗುತ್ತೆ. ಇನ್ನೊಂದು ದಾರಿ, ಆಧಾರವಿಲ್ಲದ ಅಗಲ ಕಡಿಮೆ ಮಾಡೋದು. ಬಾಗೋದು ಆ ಅಗಲದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತೆ. ನಿಮ್ಮ ನಾಲ್ಕು ಗೋಡೆಗಳು 364 × 310. ಒಳಗೆ ಒಂದು ಬ್ರೇಸ್ ಕೂರಿಸಿ ಆ 310ನ್ನು 165 ಮತ್ತು 127 ಅಂತ ಒಡೆದರೆ, ದೊಡ್ಡ ಭಾಗ ಕೂಡ ಮೊದಲಿನ ಎಂಟರಲ್ಲಿ ಒಂದು ಪಾಲಿನಷ್ಟು ಮಾತ್ರ ಬಾಗುತ್ತೆ. ಒಂದು ತುಂಡು ಹಲಗೆಗೆ ಎಂಟು ಪಟ್ಟು, 25 ಮಿಮೀ ಹಾಳೆಗೆ 2.7 ಪಟ್ಟು. 18ನ್ನೇ ತಗೊಳ್ಳಿ, ಬ್ರೇಸ್ ತಪ್ಪಿಸಬೇಡಿ.

ಬ್ರೇಸ್ ಹೀಗಿರಲಿ: ಬಾಕ್ಸ್‌ನ ಒಳ ಅಡ್ಡಕೊಯ್ತದಷ್ಟೇ ದೊಡ್ಡ ಚೌಕ ಹಲಗೆ, ಸುತ್ತ 40 ಮಿಮೀ ಅಂಚು, ನಡುವೆ 40 ಮಿಮೀ ಅಗಲದ ಕೂಡುಗುರುತಿನ ಆಕಾರದ ಪಟ್ಟಿ ಬಿಟ್ಟು ನಾಲ್ಕು ಕಿಟಕಿ ತೆಗೆದಿರಬೇಕು. ಒಂದೊಂದು ಕಿಟಕಿ 122 × 122. ಇದು ತಿನ್ನೋ ಜಾಗ 1.3 ಲೀಟರ್, ನಿವ್ವಳ 37 ಲೀಟರ್ ಉಳಿಯುತ್ತೆ. ಸರಿಯಾಗಿ ನಡುವಿಗೆ ಕೂರಿಸಬೇಡಿ. ಎರಡೂ ಭಾಗ ಒಂದೇ ಅಳತೆ ಆದರೆ ಎರಡೂ ಒಂದೇ ಆವೃತ್ತಿಯಲ್ಲಿ ಕಂಪಿಸುತ್ತವೆ. ಮುಂಬದಿ ಹಲಗೆಯ ಒಳಮೈಯಿಂದ 165 ಮಿಮೀ ಬಿಟ್ಟು ಕೂರಿಸಿದರೆ ಮ್ಯಾಗ್ನೆಟ್ ಹಿಂದಿನ ಗಾಳಿ ತೂತಿಗೂ ಜಾಗ ಉಳಿಯುತ್ತೆ.

ಈ ಬ್ರೇಸ್ ನಾಲ್ಕು ಗೋಡೆಗಳನ್ನು ಹಿಡಿಯುತ್ತೆ, ಹಿಂಬದಿಯನ್ನು ಹಿಡಿಯಲ್ಲ. ಮೇಲೆ ಹೇಳಿದ 31 ಕೆಜಿ ಬೀಳೋದು ಅಲ್ಲೇ. ಬ್ರೇಸ್‌ನ ನಡುವಿನ ಕೂಡು ಜಾಗದಿಂದ ಹಿಂಬದಿಗೆ 127 ಮಿಮೀ ಉದ್ದದ ಒಂದು ತುಂಡು ನಿಲ್ಲಿಸಿ ಎರಡೂ ತುದಿಗೆ ಗೋಂದು ಹಾಕಿ. ಬಹಳ ಜನ ಮರೆಯೋದು ಈ ತುಂಡನ್ನೇ. ಮುಂಬದಿಗೆ ಎರಡು ಹಲಗೆ ಅಂಟಿಸಿ 36 ಮಿಮೀ ಮಾಡಿ, ಯಾಕಂದ್ರೆ ಅಲ್ಲಿ 282 ಮಿಮೀ ತೂತು ತೆಗೆದ ಮೇಲೆ ಹಲಗೆ ಅನ್ನೋದು ನಾಲ್ಕು ಮೂಲೆಯಲ್ಲಷ್ಟೇ ಉಳಿಯುತ್ತೆ. ಆಗ ಹೊರಗಿನ ಆಳ 346 ಬದಲು 364 ಆಗುತ್ತೆ, ಒಳಗೆ ಅದೇ 310.

ಇನ್ನು ಎಂಡಿಎಫ್, ಪ್ಲೈ ಜಗಳ. ಅದೇ ದಪ್ಪದ ಒಳ್ಳೆ ಬರ್ಚ್ ಪ್ಲೈ ಎಂಡಿಎಫ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಬಿಗಿ, ಸ್ಕ್ರೂ ಚೆನ್ನಾಗಿ ಹಿಡಿಯುತ್ತೆ, ತೂಕ ಸ್ವಲ್ಪ ಕಡಿಮೆ. ಎಂಡಿಎಫ್ ಪೂರ್ತಿ ಒಂದೇ ಸಮ, ಒಳಗೆ ಪೊಳ್ಳು ಇರಲ್ಲ, ಚಪ್ಪಟೆ ಇರುತ್ತೆ, ಕತ್ತರಿಸಿದ ಅಂಚು ಸೀಳಲ್ಲ. ಬ್ರೇಸ್ ಹಾಕಿದ ಈ ಅಳತೆಯ ಬಾಕ್ಸ್‌ನಲ್ಲಿ ಕಿವಿಗೆ ಎರಡರ ವ್ಯತ್ಯಾಸ ಗೊತ್ತಾಗಲ್ಲ. ಒಂದೇ ಕಡೆ ಇರೋ ಬಾಕ್ಸ್‌ಗೆ ಎಂಡಿಎಫ್, ಎತ್ತಿ ಇಳಿಸೋ ಬಾಕ್ಸ್‌ಗೂ ತೇವ ತಗಲೋ ಕಡೆಗೂ ಪ್ಲೈ. ನಿಮ್ಮದಕ್ಕೆ ಎಂಡಿಎಫ್ ಸಾಕು.

ಬೇಡದ್ದನ್ನು ಬೇಗ ಹೇಳಿಬಿಡ್ತೀನಿ. ಬ್ಲಾಕ್‌ಬೋರ್ಡ್ ಬೇಡ, ಒಳಗಿನ ಮರದ ಪಟ್ಟಿಗಳ ನಡುವೆ ಸಂದು ಇರುತ್ತೆ, ಅದು ಗುಯ್‌ಗುಟ್ಟುತ್ತೆ. ಪಾರ್ಟಿಕಲ್ ಬೋರ್ಡ್‌ನ ಅಂಚಿಗೆ ಸ್ಕ್ರೂ ಒಮ್ಮೆ ಬಿಚ್ಚಿ ಮತ್ತೆ ಹಾಕಿದರೆ ಹಿಡಿತವೇ ಇರಲ್ಲ. ಗಟ್ಟಿ ಮರದ ಅಗಲ ಹಲಗೆ ಹವೆಗೆ ತಕ್ಕಂತೆ ಎಳೆಗೆ ಅಡ್ಡವಾಗಿ ಹಿಗ್ಗಿ ಕುಗ್ಗುತ್ತೆ, ಮೂಲೆಯ ಕೂಡು ಬಿಡುತ್ತೆ, ಸೀಲ್ಡ್ ಬಾಕ್ಸ್‌ಗೆ ಅಷ್ಟು ಸಾಕು ಕೆಡೋದಕ್ಕೆ. ಪಿವಿಸಿ ಫೋಮ್ ಬೋರ್ಡ್ ನೀರಿಗೆ ಹೆದರಲ್ಲ ನಿಜ, ಆದರೆ ಹಗುರ, ಸುಲಭವಾಗಿ ಬಾಗುತ್ತೆ, ಮರದ ಬಿಳಿ ಗೋಂದು ಅದಕ್ಕೆ ಹಿಡಿಯಲ್ಲ.


ಗರಗಸದಂಚು (ಉತ್ತರ)

ಮೇಲಿನ ಲೆಕ್ಕಕ್ಕೆ ನನ್ನ ಒಪ್ಪಿಗೆ ಇದೆ. ನಾನು ಅಂಗಡಿಯಲ್ಲಿ ಹಾಳೆ ಆರಿಸೋ ವಿಷಯ ಬರೀತೀನಿ.

ಪೂರ್ತಿ ಹಾಳೆ ಅಂದ್ರೆ 8 × 4 ಅಡಿ, 2440 × 1220 ಮಿಮೀ. 18 ಮಿಮೀ ಎಂಡಿಎಫ್ ಹಾಳೆ 40 ಕೆಜಿ ಹತ್ತಿರ ತೂಗುತ್ತೆ, ಒಬ್ಬರೇ ಎತ್ತಿದರೆ ಮೂಲೆ ನೆಲಕ್ಕೆ ಬಡಿದು ಜಜ್ಜಿಹೋಗೋದು ಖಂಡಿತ. ನಿಮ್ಮ ಎಲ್ಲಾ ತುಂಡು ಸೇರಿ 1.1 ಚದರ ಮೀಟರ್ ಬರುತ್ತೆ. ಅರ್ಧ ಹಾಳೆ, ಅಂದ್ರೆ 1220 × 1220, ಸಾಕು. ಬರ್ಚ್ ಪ್ಲೈ ನೋಡಿದರೆ ಅದು ಹೆಚ್ಚಾಗಿ 1525 × 1525 ಚೌಕದಲ್ಲೂ ಬರುತ್ತೆ, ಎಂಟು ನಾಲ್ಕಡಿ ಅಂದುಕೊಂಡು ಲೆಕ್ಕ ಬರೆದುಕೊಂಡು ಹೋಗಬೇಡಿ.

ಎಂಡಿಎಫ್ ಆರಿಸುವಾಗ ಮೊದಲು ಕತ್ತರಿಸಿದ ಅಂಚು ನೋಡಿ. ಮೇಲ್ಮೈ ಎಲ್ಲದರದ್ದೂ ನುಣುಪಾಗೇ ಇರುತ್ತೆ, ಗುಟ್ಟು ಇರೋದು ನಡುವಿನಲ್ಲಿ. ಎಂಡಿಎಫ್ ಒತ್ತುವಾಗ ಎರಡು ಮೇಲ್ಮೈಗಳು ಗಟ್ಟಿಯಾಗ್ತವೆ, ನಡುಭಾಗ ಸ್ವಲ್ಪ ಮೆದು ಉಳಿಯುತ್ತೆ. ಒಳ್ಳೆ ಹಾಳೆಯಲ್ಲಿ ಈ ವ್ಯತ್ಯಾಸ ಕಡಿಮೆ. ನಡುಭಾಗವನ್ನು ಹೆಬ್ಬೆರಳ ಉಗುರಿಂದ ಜೋರಾಗಿ ಒತ್ತಿ ನೋಡಿ. ಸಣ್ಣ ಗೀರು ಬಿದ್ದು ನಿಂತರೆ ಸರಿ. ಉಗುರು ಒಳಗಿಳಿದು ನಾರು ಹತ್ತಿಯ ಹಾಗೆ ಎದ್ದು ಬಂದರೆ ಆ ಹಾಳೆಯ ಅಂಚಿಗೆ ಸ್ಕ್ರೂ ಹಾಕಿದ ಕೂಡಲೇ ಪುಸ್ತಕದ ಹಾಗೆ ಎರಡಾಗಿ ಬಿಚ್ಚಿಕೊಳ್ಳುತ್ತೆ. ತೂಕವೂ ಸುಳ್ಳು ಹೇಳಲ್ಲ. ಒಳ್ಳೆ ಎಂಡಿಎಫ್‌ನ ಸಾಂದ್ರತೆ ಘನ ಮೀಟರಿಗೆ 700ರಿಂದ 800 ಕೆಜಿ. 300 × 300 × 18ರ ಒಂದು ಚೂರು ಸಿಕ್ಕರೆ ತೂಗಿ ನೋಡಿ, 1.15ರಿಂದ 1.3 ಕೆಜಿ ಬರಬೇಕು. 1 ಕೆಜಿಯ ಆಸುಪಾಸು ಬಂದರೆ ಅದು ಗೋಡೆಗೆ ಹೊದಿಸೋ ಹಗುರ ಜಾತಿ.

ಹಸಿರು ಬಣ್ಣದ ಎಂಡಿಎಫ್ ತೋರಿಸಿದರೆ ಅದು ತೇವ ತಡೆಯೋ ಜಾತಿ. ನೆಲ ಒದ್ದೆ ಒರೆಸೋ ಮನೆಯಲ್ಲಿ ತಳದ ಹಲಗೆಗೆ ಅದು ಒಳ್ಳೇದು. ಆದರೆ ಹಸಿರು ಅನ್ನೋದು ಗುರುತಿನ ಬಣ್ಣ ಅಷ್ಟೇ, ನೀರಲ್ಲಿ ನಿಂತರೆ ಅದೂ ಊದುತ್ತೆ, ಸ್ವಲ್ಪ ತಡವಾಗಿ ಅಷ್ಟೇ.

ಹಾಳೆಯ ಅಂಚಿಗೆ ಕಣ್ಣಿಟ್ಟು ಉದ್ದಕ್ಕೂ ನೋಡಿ, ಬಿಲ್ಲಿನ ಹಾಗೆ ಬಾಗಿದ್ದರೆ ಗೊತ್ತಾಗುತ್ತೆ. ಗೋಡೆಗೆ ಒರಗಿಸಿಟ್ಟ ಹಾಳೆ ಬಾಗಿಯೇ ಇರುತ್ತೆ, ಮಲಗಿಸಿ ಪೇರಿಸಿದ ರಾಶಿಯಿಂದ ಕೇಳಿ. ಆ ರಾಶಿಯಲ್ಲೂ ಮೇಲಿನ ಹಾಳೆಗೆ ಗೀರು, ಕೆಳಗಿನ ಹಾಳೆಗೆ ನೆಲದ ತೇವ. ನಡುವಿಂದ ತೆಗೆಸಿ. ಮೂಲೆ ಊದಿದೆಯಾ ಅಂತ ನೋಡೋದಕ್ಕೆ ವರ್ನಿಯರ್ ಬೇಕು, ಮೂಲೆಯಲ್ಲಿ 18.6, ನಡು ಅಂಚಲ್ಲಿ 18.0 ಬಂದರೆ ಆ ಮೂಲೆ ನೀರು ಕುಡಿದಿದೆ. ಅದು ಒಣಗಿದರೂ ಮತ್ತೆ 18ಕ್ಕೆ ಇಳಿಯಲ್ಲ.

ಪ್ಲೈ ಆದರೆ ಕೆಲಸ ಜಾಸ್ತಿ. ಪದರ ಎಣಿಸಿ. 18 ಮಿಮೀ ಬರ್ಚ್‌ನಲ್ಲಿ 13 ಪದರ ಇರುತ್ತೆ, ಎಲ್ಲಾ ಹೆಚ್ಚು ಕಡಿಮೆ ಒಂದೇ ದಪ್ಪ. ಏಳೇ ಪದರ ಇದ್ದು ನಡುವಿನವು ದಪ್ಪ, ಮೇಲಿನದು ಕಾಗದದಷ್ಟು ತೆಳು ಇದ್ದರೆ ಅದು ಪೀಠೋಪಕರಣದ ಪ್ಲೈ, ಬಾಕ್ಸ್‌ಗೂ ಆಗುತ್ತೆ, ಆದರೆ ಪೊಳ್ಳು ಹುಡುಕೋ ಕೆಲಸ ನಿಮ್ಮದು. ನಾಲ್ಕೂ ಅಂಚಿನ ಸುತ್ತ ನಡೆದು ಪದರಗಳ ನಡುವೆ ಕಪ್ಪು ಸಂದು ಇದೆಯಾ ನೋಡಿ. ಅಂಚಿಗೆ ಬಣ್ಣ ಬಳಿದಿದ್ದರೆ ಕತ್ತರಿಸಿದ ಒಂದು ತುಂಡು ತೋರಿಸೋದಕ್ಕೆ ಕೇಳಿ. ಆಮೇಲೆ ನಾಣ್ಯದ ಅಂಚಿಂದ ಮೇಲ್ಮೈ ಉದ್ದಕ್ಕೂ ಒಂದೊಂದು ಗೇಣಿಗೆ ತಟ್ಟುತ್ತಾ ಬನ್ನಿ. ಟಕ್ ಟಕ್ ಅಂತ ಬರೋ ಸದ್ದು ಒಂದು ಕಡೆ ಟೊಳ್ಳಾಗಿ ಟಪ್ ಅಂದರೆ ಒಳಗೆ ಪೊಳ್ಳು ಇದೆ. ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಇದೇ ಪೊಳ್ಳು ಬಾಕ್ಸ್ ಆದ ಮೇಲೆ ಒಂದೇ ಒಂದು ಸ್ವರಕ್ಕೆ ಝುಂಯ್ ಅನ್ನುತ್ತೆ, ಎಲ್ಲಿಂದ ಅಂತ ಪತ್ತೆಯಾಗಲ್ಲ.


ಮಂದ್ರಸ್ವರ

ಇಬ್ಬರಿಗೂ ತುಂಬಾ ಧನ್ಯವಾದ. ಎಂಡಿಎಫ್ 18, ಮುಂಬದಿ ಜೋಡಿ ಹಲಗೆ, ಬ್ರೇಸ್ ಒಂದು ಅಂತ ತೀರ್ಮಾನ ಮಾಡಿದೆ. ಕತ್ತರಿಸೋ ಪಟ್ಟಿ ಹೀಗೆ ಬರೆದಿದ್ದೀನಿ, ತಪ್ಪಿದ್ದರೆ ತಿದ್ದಿ:

ಮೇಲೆ, ಕೆಳಗೆ: 400 × 310, ಎರಡು
ಎಡ, ಬಲ: 364 × 310, ಎರಡು
ಹಿಂಬದಿ ಒಂದು, ಮುಂಬದಿ ಎರಡು: 400 × 400, ಮೂರು
ಬ್ರೇಸ್: 364 × 364, ಒಂದು

ಇದನ್ನು ಹೀಗೇ ಅಂಗಡಿಯವರ ಕೈಗೆ ಕೊಟ್ಟರೆ ಸಾಕಾ? ಇನ್ನೊಂದು ಪ್ರಶ್ನೆ, ಮುಂದೆ ಇದೇ ಡ್ರೈವರ್‌ಗೆ ಪೋರ್ಟ್ (ಗಾಳಿ ಹೊರಗೆ ಒಳಗೆ ಆಡೋ ದಾರಿ) ಇರೋ ದೊಡ್ಡ ಬಾಕ್ಸ್ ಮಾಡಿದರೆ ಇದೇ 18 ನಡೆಯುತ್ತಾ?


ಗರಗಸದಂಚು

ಪಟ್ಟಿ ಜೋಡಣೆ ಚೆನ್ನಾಗಿದೆ. ನಾಲ್ಕೂ ಗೋಡೆಗೆ 310 ಅನ್ನೋ ಒಂದೇ ಆಳ ಇಟ್ಟಿರೋದು ಜಾಣತನ, ಆ ನಾಲ್ಕೂ ಒಂದೇ ಆದರೆ ಹಿಂಬದಿ, ಮುಂಬದಿ ಚಪ್ಪಟೆ ಕೂರ್ತವೆ. ಆದರೆ ಆ 364ನ್ನು ಈಗಲೇ ಬರೆದು ಕೊಡಬೇಡಿ.

18 ಅಂತ ಕರೆಯೋ ಹಾಳೆ 18 ಇರಲೇಬೇಕು ಅಂತಿಲ್ಲ. ಎಂಡಿಎಫ್ ಹೆಚ್ಚು ಕಡಿಮೆ ಸರಿ ಇರುತ್ತೆ, ಪ್ಲೈ 17.4 ಇರೋದು ತೀರಾ ಮಾಮೂಲು. ಆಗ ಬದಿ ಹಲಗೆ 364 ಇದ್ದರೆ ಮೇಲೆ ಕೆಳಗಿನ ದಪ್ಪ ಸೇರಿ ಎತ್ತರ 398.8 ಆಗುತ್ತೆ, ಹಿಂಬದಿ 400 ಇರೋದರಿಂದ 1.2 ಮಿಮೀ ತುಟಿ ಉಳಿಯುತ್ತೆ. ಹಾಳೆ ಆರಿಸಿದ ಮೇಲೆ ಐದು ಕಡೆ ವರ್ನಿಯರ್ ಹಿಡಿದು ಸರಾಸರಿ ತಗೊಳ್ಳಿ. ಅದನ್ನು ಎರಡರಿಂದ ಗುಣಿಸಿ 400ರಲ್ಲಿ ಕಳೆಯಿರಿ. 17.4 ಬಂದರೆ 365.2. ಬದಿಯ ಎತ್ತರಕ್ಕೂ ಬ್ರೇಸ್‌ನ ಎರಡೂ ಅಳತೆಗೂ ಆ ಸಂಖ್ಯೆ ಬರೆಯಿರಿ. ಬ್ರೇಸ್ ಮಾತ್ರ ಅರ್ಧ ಮಿಮೀ ಕಡಿಮೆ ಇರಲಿ, ಬಿಗಿಯಾದರೆ ಬಡಿದು ಕೂರಿಸುವಾಗ ಬದಿಗಳನ್ನು ಹೊರಗೆ ತಳ್ಳಿ ಕೂಡು ಬಿಡಿಸುತ್ತೆ.

ಬ್ಲೇಡ್ 3 ಮಿಮೀ ಮರ ತಿನ್ನುತ್ತೆ. ಹಾಳೆ ಮೇಲೆ ಎಲ್ಲಾ ಗೆರೆ ಒಟ್ಟಿಗೆ ಎಳೆದು ಅದರ ಮೇಲೆ ಕತ್ತರಿಸಿದರೆ ಮೂರನೇ ತುಂಡಿಗೆ ಬರೋ ಹೊತ್ತಿಗೆ ಅಳತೆ ತಪ್ಪಿರುತ್ತೆ. ಪಟ್ಟಿಯ ತಲೆಗೆ "ಇವು ಸಿದ್ಧ ಅಳತೆಗಳು, ಬ್ಲೇಡ್ ದಪ್ಪ ಸೇರಿಲ್ಲ" ಅಂತ ಬರೆಯಿರಿ. 1220ರ ಚೌಕದಲ್ಲಿ ಕ್ರಮ ಹೀಗೆ. ಮೊದಲು ಜಜ್ಜಿದ ಕಾರ್ಖಾನೆ ಅಂಚನ್ನು 5 ಮಿಮೀ ತೆಗೆಸಿ. ಆಮೇಲೆ 400 ಅಗಲದ ಒಂದು ಪಟ್ಟಿ, ಅದರಲ್ಲಿ ಮೂರು ಚೌಕ. ಬ್ಲೇಡ್ ಸೇರಿ 1209 ಆಗುತ್ತೆ, ತೀರಾ ಬಿಗಿ, ಹಾಗಾಗಿ ಆ ದಿಕ್ಕಿನ ಅಂಚನ್ನು ಒಂದೇ ಕಡೆ ತೆಗೆಸಿ. ಮುಂದೆ ಗರಗಸದ ಸ್ಟಾಪರ್ (ಅಳತೆಗೆ ಹಲಗೆ ನಿಲ್ಲಿಸೋ ತಡೆ) 310ಕ್ಕೆ ಇಟ್ಟು ಒಂದು ಪಟ್ಟಿ, ಅದರಲ್ಲಿ 400, 400, 364. ಉಳಿದ ಸುಮಾರು 495 ಅಗಲದ ಭಾಗದಿಂದ 364 ಉದ್ದದ ತುಂಡು ಅಡ್ಡ ಕತ್ತರಿಸಿ, ಸ್ಟಾಪರ್ ಅಲುಗಿಸದೆ ಅದೇ 310ಕ್ಕೆ ಸೀಳಿಸಿ. ನಾಲ್ಕನೇ ಗೋಡೆ ಅದು. ಮಿಕ್ಕಿದ್ದರಲ್ಲಿ ಬ್ರೇಸ್, ಮತ್ತೆ 127ರ ತುಂಡು. ಸ್ಟಾಪರ್ ಒಮ್ಮೆ ಸರಿಸಿ ಮತ್ತೆ 310ಕ್ಕೆ ತಂದರೆ ಅದು 309.5 ಆಗಿರುತ್ತೆ, ಆ ಅರ್ಧ ಮಿಮೀ ಸಾಕು ಗಾಳಿ ಸೋರೋದಕ್ಕೆ.

ತುಂಡುಗಳು ಕೈಗೆ ಬಂದ ಮೇಲೆ ಅಲ್ಲೇ ಕರ್ಣ ಅಳೆಯಿರಿ. 400 × 400ಕ್ಕೆ 565.7, 400 × 310ಕ್ಕೆ 506 ಬರಬೇಕು. ಎರಡು ಕರ್ಣಗಳ ನಡುವೆ 1 ಮಿಮೀ ಒಳಗಿನ ವ್ಯತ್ಯಾಸ ಪರವಾಗಿಲ್ಲ. 3 ಬಂದರೆ ಆ ಗರಗಸ ಲಂಬವಾಗಿಲ್ಲ, ಮತ್ತೆ ಕತ್ತರಿಸಿಕೊಡಿ ಅಂತ ಕೇಳೋದು ನಿಮ್ಮ ಹಕ್ಕು. ಒಂದು ಜೋಡಿಯನ್ನು ಬೆನ್ನಿಗೆ ಬೆನ್ನು ಇಟ್ಟು ಬೆರಳಾಡಿಸಿ ನೋಡಿ, ಟೇಪ್‌ಗೆ ಸಿಗದ ಮೆಟ್ಟಿಲು ಬೆರಳಿಗೆ ಸಿಗುತ್ತೆ.


ಹಲಗೆಲೆಕ್ಕ

ಪೋರ್ಟ್ ಬಾಕ್ಸ್ ಬಗ್ಗೆ: 18 ನಡೆಯುತ್ತೆ, ಒಂದು ಬ್ರೇಸ್ ನಡೆಯಲ್ಲ. 364 ಇದ್ದ ಅಗಲ 600ಕ್ಕೆ ಹೋದರೆ, ಅದೇ ಒತ್ತಡಕ್ಕೆ ಹಲಗೆ ಏಳು ಪಟ್ಟು ಹೆಚ್ಚು ಬಾಗುತ್ತೆ. ಎಲ್ಲೂ 200 ಮಿಮೀಗಿಂತ ಅಗಲವಾದ ಆಧಾರವಿಲ್ಲದ ಜಾಗ ಬಿಡಬಾರದು ಅಂತ ಇಟ್ಟುಕೊಂಡು ಬ್ರೇಸ್ ಎಣಿಸಿ. ಪೋರ್ಟ್ ಕೂಡ ಅದೇ ಹಲಗೆಯಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿದರೆ ಅದೇ ಒಂದು ಬ್ರೇಸ್ ಆಗುತ್ತೆ. ಪೋರ್ಟ್ ತಿನ್ನೋ ಜಾಗದಲ್ಲಿ ಅದರ ಹಲಗೆಯ ದಪ್ಪವೂ ಸೇರಿರಲಿ.


ಬಿಗಿಗೋಂದು (ಉತ್ತರ)

ಹಲಗೆ ಸರಿ, ಕತ್ತರಿಸಿದ್ದೂ ಸರಿ, ಆಮೇಲೂ ಎಂಡಿಎಫ್ ಬಾಕ್ಸ್ ಕೆಡೋದು ಮೂರು ಜಾಗದಲ್ಲಿ. ಹಾಳೆ ತರೋ ಮೊದಲೇ ಇದು ಗೊತ್ತಿರಬೇಕು, ಯಾಕಂದ್ರೆ ಸಾಮಾನಿನ ಪಟ್ಟಿ ಬದಲಾಗುತ್ತೆ.

ಮೊದಲನೇದು ಅಂಚಿನ ಸ್ಕ್ರೂ. ಎಂಡಿಎಫ್‌ನ ಅಂಚಿಗೆ ಸೀದಾ ಸ್ಕ್ರೂ ತಿರುಗಿಸಿದರೆ ಅದು ಆಣಿ ಬಡಿದ ಹಾಗೆ ನಾರನ್ನು ಬೇರೆ ಮಾಡಿ ಸೀಳುತ್ತೆ. 4 × 50 ಸ್ಕ್ರೂಗೆ 3 ಮಿಮೀ ತೂತು ಮೊದಲೇ ಕೊರೆಯಬೇಕು, ಅದೂ ಸ್ಕ್ರೂ ತುದಿ ಮುಟ್ಟೋ ಆಳಕ್ಕಿಂತ ಒಂದೆರಡು ಮಿಮೀ ಹೆಚ್ಚು. ತೂತು ಗಿಡ್ಡ ಆದರೆ ಸೀಳೋದು ಸರಿಯಾಗಿ ಆ ತುದಿಯಲ್ಲೇ. ಮೂಲೆಯಿಂದ 50 ಮಿಮೀ ಒಳಗೆ ಸ್ಕ್ರೂ ಬೇಡ, ಆಮೇಲೆ 120ರಿಂದ 150ಕ್ಕೆ ಒಂದು. ಸ್ಕ್ರೂ ತಲೆಗೆ ಗುಳಿ ಮಾಡಿ, ಇಲ್ಲದಿದ್ದರೆ ಸುತ್ತ ಗುಡ್ಡದ ಹಾಗೆ ಊದುತ್ತೆ. ಇಷ್ಟಾದರೂ ಸ್ಕ್ರೂ ಇರೋದು ಗೋಂದು ಒಣಗೋ ತನಕ ಹಿಡಿದುಕೊಳ್ಳೋಕೆ ಮಾತ್ರ. ಕ್ಲ್ಯಾಂಪ್ ಇದ್ದರೆ ಸ್ಕ್ರೂ ಒಂದೂ ಬೇಡ.

ಎರಡನೇದು ಗೋಂದು. ಮರದ ಬಿಳಿ ಗೋಂದು, ಪಿವಿಎ, ಸಾಕು. ಎಂಡಿಎಫ್ ಅಂಚು ಸ್ಪಂಜಿನ ಹಾಗೆ ಅದನ್ನು ಹೀರಿಬಿಡುತ್ತೆ, ಕೂಡಿಸಿ ಒತ್ತುವ ಹೊತ್ತಿಗೆ ಕೂಡಿನಲ್ಲಿ ಗೋಂದೇ ಇರಲ್ಲ. ಅಂಚಿಗೆ ತೆಳುವಾಗಿ ಒಂದು ಸಲ ಬಳಿದು ಐದು ನಿಮಿಷ ಬಿಡಿ, ಅದು ಹೀರಿಕೊಂಡ ಮೇಲೆ ಎರಡನೇ ಸಲ ಹಚ್ಚಿ ಕೂಡಿಸಿ. ಒತ್ತಿದಾಗ ಕೂಡಿನ ಉದ್ದಕ್ಕೂ ಸಣ್ಣ ಮಣಿಗಳ ಸಾಲು ಹೊರಬಂದರೆ ಅಳತೆ ಸರಿ. ಒಂದು ಗಂಟೆ ಒತ್ತಿಟ್ಟು, 24 ಗಂಟೆ ಹಾಗೇ ಬಿಡಿ. ಮುಂಬದಿಯ ಎರಡು ಹಲಗೆ ಅಂಟಿಸುವಾಗ ಅಂಚಲ್ಲಿ ಮಾತ್ರ ಹಚ್ಚಬೇಡಿ, ಇಡೀ ಮೈಗೆ ಹರಡಿ ನಡುವಿಗೂ ಭಾರ ಇಡಿ. ನಡುವೆ ಹಿಡಿಯದ ಜಾಗ ಉಳಿದರೆ ಎರಡು ಹಲಗೆ ಒಂದಕ್ಕೊಂದು ತಟ್ಟುತ್ತವೆ, 36 ಮಿಮೀ ಮಾಡಿದ್ದು ವ್ಯರ್ಥ.

ಮೂರನೇದು ಡ್ರೈವರ್ ಹಿಡಿಯೋ ಜಾಗ. ಹೊರ ವ್ಯಾಸ 315, ತೂತು 282, ಅಂದ್ರೆ ಸುತ್ತ 16.5 ಮಿಮೀ ಮಾತ್ರ. ಬೋಲ್ಟ್ ತೂತುಗಳ ವೃತ್ತ 300ರ ಆಸುಪಾಸು ಇದ್ದರೆ, ಅದಕ್ಕೂ ತೂತಿನ ಅಂಚಿಗೂ ನಡುವೆ ಉಳಿಯೋದು 9 ಮಿಮೀ. ಜಿಗ್ಸಾ 4 ಮಿಮೀ ಒಳಗೆ ಹೊರಗೆ ಓಡಾಡಿದರೆ ಅಲ್ಲಿ 5 ಮಿಮೀ ಉಳಿಯುತ್ತೆ, ಬೋಲ್ಟ್ ಬಿಗಿ ಮಾಡುವಾಗ ಒಡೆಯುತ್ತೆ. ರೂಟರ್‌ಗೆ ವೃತ್ತದ ಪಟ್ಟಿ ಕಟ್ಟಿ, ಪ್ರತಿ ಸುತ್ತಿನಲ್ಲೂ 5 ಮಿಮೀ ಇಳಿಸುತ್ತಾ ಕೊರೆಯಿರಿ. ಎಂಡಿಎಫ್‌ಗೆ ಮರದ ಸ್ಕ್ರೂನಲ್ಲಿ ಡ್ರೈವರ್ ಹಾಕಿದರೆ ಎರಡನೇ ಸಲ ಬಿಚ್ಚಿದಾಗ ತೂತು ಸಡಿಲ ಆಗಿರುತ್ತೆ. ಹಿಂದಿನಿಂದ ಟಿ-ನಟ್ (ಹಲಗೆಗೆ ಕಚ್ಚಿ ಕೂರೋ, ಚಕ್ಕೆ ಇರೋ ನಟ್) ಕೂರಿಸಿ ಎಂ5 ಬೋಲ್ಟ್ ಬಳಸಿ. ಟಿ-ನಟ್‌ನ ಚಕ್ಕೆ ಆ 9 ಮಿಮೀ ಜಾಗದಲ್ಲಿ ಹಿಡಿಯುತ್ತಾ ಅಂತ ಕೊಳ್ಳೋ ಮೊದಲು ಅಳೆಯಿರಿ. ಅದಕ್ಕೆ ಎಪಾಕ್ಸಿ ಹಚ್ಚಿ, ಬೋಲ್ಟ್‌ನಿಂದಲೇ ಎಳೆದು ಕೂರಿಸಿ. ಸುತ್ತಿಗೆಯಲ್ಲಿ ಹೊಡೆದರೆ ವಾಲುತ್ತೆ. ಬೋಲ್ಟ್ ಎಳೆಗಳಿಗೆ ಎಪಾಕ್ಸಿ ತಾಗಬಾರದು.

ಬಣ್ಣ ಹಚ್ಚೋ ಯೋಚನೆ ಇದ್ದರೆ ಒಂದು ಮಾತು. ಎಂಡಿಎಫ್‌ನ ಮುಖ ಮತ್ತು ಅಂಚು ಬೇರೆ ಬೇರೆಯಾಗಿ ತೇವ ಹೀರುತ್ತವೆ. ಎಷ್ಟು ನುಣುಪು ಮಾಡಿದರೂ ಕೆಲವು ತಿಂಗಳಲ್ಲಿ ಕೂಡಿನ ಗೆರೆ ಬಣ್ಣದ ಮೇಲೆ ಮೂಡುತ್ತೆ. ಹೊಳಪಿನ ಕಪ್ಪಿನಲ್ಲಿ ಅದು ಕಣ್ಣಿಗೆ ಹೊಡೆಯುತ್ತೆ. ತರಿ ಇರೋ ಬಣ್ಣ, ವೆನಿಯರ್ ಅಥವಾ ಲ್ಯಾಮಿನೇಟ್ ಹೊದಿಸಿದರೆ ಆ ತೊಂದರೆ ಇಲ್ಲ. ಕತ್ತರಿಸುವಾಗಲೂ ಉಜ್ಜುವಾಗಲೂ ಎನ್95 ಮಾಸ್ಕ್ ತೆಗೆಯಬೇಡಿ, ಈ ಪುಡಿ ತೀರಾ ಸಣ್ಣದು, ಗೋಂದಿನ ಫಾರ್ಮಾಲ್ಡಿಹೈಡ್ ಅದರಲ್ಲೇ ಇರುತ್ತೆ.


ಮಂದ್ರಸ್ವರ

ಬಹಳ ಉಪಕಾರ ಆಯ್ತು. ಕೊನೇದಾಗಿ ಎರಡು. ಎಂಡಿಎಫ್ ಒಳ್ಳೇದು ಸಿಗದೆ ಪ್ಲೈಗೇ ಹೋಗಬೇಕಾಗಿ ಬಂದು, ಕತ್ತರಿಸಿದ ಮೇಲೆ ಅಂಚಲ್ಲಿ ಪೊಳ್ಳು ಕಂಡರೆ ಆ ತುಂಡು ಬಿಸಾಡಬೇಕಾ? ಇನ್ನು ಬಾಕ್ಸ್ ಮುಚ್ಚಿದ ಮೇಲೆ ಸೋರಿಕೆ ಇದೆಯಾ ಅಂತ ಪರೀಕ್ಷೆ ಮಾಡೋದು ಹೇಗೆ?


ಬಿಗಿಗೋಂದು

ಬಿಸಾಡಬೇಡಿ. ಪೊಳ್ಳು ಎಷ್ಟು ಆಳ ಅಂತ ತೆಳು ತಂತಿ ತೂರಿಸಿ ನೋಡಿ. 10 ಮಿಮೀ ಒಳಗಿದ್ದರೆ ಎಪಾಕ್ಸಿಗೆ ಮರದ ಪುಡಿ ಕಲಸಿ ಒತ್ತಿ ತುಂಬಿ. ಅದಕ್ಕಿಂತ ಆಳ ಇದ್ದರೆ ಮೇಲಿಂದ 3 ಮಿಮೀ ತೂತು ಎರಡು ಕೊರೆದು, ಒಂದರಲ್ಲಿ ಸಿರಿಂಜಿನಿಂದ ತೆಳು ಎಪಾಕ್ಸಿ ಬಿಡಿ, ಇನ್ನೊಂದರಲ್ಲಿ ಹೊರಬರೋ ತನಕ. ಒಂದೇ ತೂತಾದರೆ ಗಾಳಿ ಹೊರಗೆ ಹೋಗೋ ದಾರಿ ಇಲ್ಲದೆ ಎಪಾಕ್ಸಿ ಒಳಗಿಳಿಯಲ್ಲ. ಪೊಳ್ಳಿರೋ ತುಂಡನ್ನು ಬ್ರೇಸ್‌ಗೆ ಬಳಸಿ, ಮುಂಬದಿಗೆ ಮಾತ್ರ ಬೇಡ.

ಸೋರಿಕೆಗೆ: ಡ್ರೈವರ್ ಕೂರಿಸಿ, ಕೋನ್‌ನ ಎರಡೂ ಬದಿಗೆ ಕೈಯಿಟ್ಟು ನಿಧಾನಕ್ಕೆ 5 ಮಿಮೀ ಒತ್ತಿ ಹಿಡಿದು ಬಿಡಿ. ಗಟ್ಟಿ ಬಾಕ್ಸ್ ಆದರೆ ಒತ್ತುವಾಗ ಗಾಳಿಯ ಮೆತ್ತೆ ತಡೆದ ಹಾಗಾಗುತ್ತೆ. ಆ ತಡೆ ಕೂಡಲೇ ಸಡಿಲ ಆದರೆ ಎಲ್ಲೋ ಗಾಳಿ ಹೋಗ್ತಿದೆ. ಆಮೇಲೆ 25 ಹರ್ಟ್ಜ್‌ನ ಸ್ವರ ಸಣ್ಣ ದನಿಯಲ್ಲಿ ಹಾಕಿ, ಒದ್ದೆ ಕೈಯನ್ನು ಕೂಡುಗಳ ಉದ್ದಕ್ಕೂ ತಂದರೆ ಸೋರೋ ಜಾಗದಲ್ಲಿ ತಣ್ಣಗೆ ತಾಗುತ್ತೆ. ಹೆಚ್ಚು ಸಲ ಸಿಕ್ಕಿಬೀಳೋದು ಟರ್ಮಿನಲ್ ಕಪ್‌ನ ಸುತ್ತ, ಅದರ ಕೆಳಗೆ ಫೋಮ್ ಟೇಪ್ ಇಲ್ಲದೆ ಕೂರಿಸಿದ್ದರೆ ಮೊದಲು ಅಲ್ಲೇ ಕೈ ಇಡಿ. ಹಲಗೆಯ ಕೂಡಿನಲ್ಲಿ ಸಿಕ್ಕರೆ ಡ್ರೈವರ್ ಬಿಚ್ಚಿ, ಒಳಗಿನ ಮೂಲೆಗೆ ಬಿಳಿ ಗೋಂದನ್ನು ಬೆರಳಲ್ಲಿ ಒತ್ತಿ ಎಳೆದು, ಆ ಮೂಲೆ ಕೆಳಗೆ ಬರುವಂತೆ ಬಾಕ್ಸ್ ಓರೆಯಾಗಿಸಿ ಒಂದು ರಾತ್ರಿ ಬಿಡಿ.